ವಿಜಯಪುರದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟ್ ದೂರ, ಎಷ್ಟ್ ತಾಸು? ಓದುಗರು ಕೇಳ್ಯಾರ, ನಾವು ಹೇಳೀವಿ

ಪ್ರಶ್ನೆ: ನಮಸ್ಕಾರ್ರಿ. ನಾ ರಿಟೈರ್ ಆದ ಪ್ರೈಮರಿ ಸಾಲಿ ಮಾಸ್ತರ. ಮಗಳು ಅಳಿಯ ಸ್ಯಾನ್ ಫ್ರಾನ್ಸಿಸ್ಕೋದಾಗ ಅದಾರ, ಜನವರಿಗೆ ಮಗಳಿಗೆ ದಿನ ತುಂಬತಾವ, ಬಾಣಂತನಕ್ಕ ನಮ್ಮ ಮನಿಯವ್ರನ್ನ ಒಬ್ಬಾಕಿನ್ನ ಕಳಸಬೇಕಾಗೇದ. ಆಕಿ ಇಲ್ಲೀತನಾ ವಿಮಾನ ಹತ್ತಿಲ್ಲ, ಶುಗರ್ ಬ್ಯಾರೆ ಅದ. ಮೊಬೈಲ್‌ನಾಗ ನೋಡಿದ್ರ ಒಂದ ಕಡೆ 13,700 ಕಿ.ಮೀ. ಅಂತ ತೋರಸ್ತದ, ಇನ್ನೊಂದ ಕಡೆ 15,700. ಟೈಮು ಒಂದ ಕಡೆ 15 ತಾಸು ಅಂತದ, ಏಜೆಂಟ 24 ತಾಸು ಅಂತಾನ, ಮತ್ತ ಡೈರೆಕ್ಟ್ ವಿಮಾನದ ಟೈಮಿಂಗ್ ನೋಡಿದ್ರ ಮಧ್ಯಾಹ್ನ ಹತ್ತಿ ಅವತ್ತ ಸಂಜಿಗೇ ಇಳೀತಾರ! ಇದರಾಗ ಖರೆ ಯಾವುದು?
– ಓದುಗರು, ವಿಜಯಪುರ

ಉತ್ತರ: ಗುರುಗಳ, ಎಲ್ಲಾನೂ ಖರೇನ ಐತ್ರಿ. ತಮಾಷಿ ಮಾಡಾಕ ಹತ್ತಿಲ್ಲ, ಒಂದೊಂದು ಒಂದೊಂದನ್ನ ಅಳೀತಾವ ಅಷ್ಟ, ಯಾವುದು ಏನ ಅಳದೈತಿ ಅಂತ ಅಲ್ಲಿ ಬರದಿರೂದಿಲ್ಲ, ಅದಕ್ಕ ನಮಗ ತಲಿ ಕೆಡತೈತಿ.

ಮೊದಲ 13,700 ಹಿಡಿಯೂಣು. ಇದು ದಾರದ ದೂರ. ವಿಜಯಪುರದಾಗ ಒಂದ ಮೊಳಿ ಬಡದು, ಸ್ಯಾನ್ ಫ್ರಾನ್ಸಿಸ್ಕೋದಾಗ ಒಂದ ಮೊಳಿ ಬಡದು, ಭೂಮಿ ಮ್ಯಾಲಿಂದನ ದಾರ ಬಿಗದ್ರ ಎಷ್ಟ ದಾರ ಬೇಕಾಕ್ಕೈತಿ ಅನ್ನೂ ಲೆಕ್ಕ. ಇದಕ್ಕ ಕಂಪ್ಯೂಟರ್ ಬೇಕಂತ ಏನಿಲ್ಲ. ನಿನ್ನಿ ರಾತ್ರಿ ಊಟ ಆದಮ್ಯಾಲ ನಮ್ಮ ಹುಡುಗನ ಗ್ಲೋಬ್ ತಗೊಂಡು, ಹೊಲಿಗಿ ಡಬ್ಬಿಯಿಂದ ಕರಿ ದಾರ ತಗೊಂಡು ಕುಂತೆ. ಎಂಟ ಇಂಚಿನ ಗ್ಲೋಬ್, ನಡುವಿಗೆ ಸುತ್ತಿ ಅಳದ್ರ 64 ಸೆಂಟಿಮೀಟರ್ ಬಂತು. ಭೂಮಿ ಸುತ್ತಳತಿ 40,000 ಕಿ.ಮೀ. ಅಂತ ನೀವ ಮಕ್ಕಳಿಗೆ ಕಲಿಸಿರ್ತೀರಿ. ಈಗ ವಿಜಯಪುರದ ಮ್ಯಾಲ ಒಂದ ಬೆರಳು, ಸ್ಯಾನ್ ಫ್ರಾನ್ಸಿಸ್ಕೋ ಮ್ಯಾಲ ಒಂದ ಬೆರಳು ಇಟ್ಟು ದಾರ ಎಳದೆ. ಮೊದಲ ದಾರ ಅರಬಸ್ತಾನದ ಕಡೆ ಸಡಲಾಗಿ ಜೋತು ಬಿದ್ದಿತ್ತು, ಬಿಗಿ ಮಾಡಕೋತ ಹೋದಂಗ ಅದ ತಾನ ಸರಕೋತ ಸರಕೋತ ಮ್ಯಾಲ ಹೋಗಿ ಒಮ್ಮೆಲೆ ಗ್ಲೋಬಿನ ನೆತ್ತಿ ದಾಟಿ ಆ ಕಡೆ ಜಾರಿ ಹಿಮಾಲಯ, ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ತುದಿ, ಅಲ್ಲಿಂದ ಅಲಾಸ್ಕಾ ಬಾಜೂಕ ಹಾಸಿ ಕ್ಯಾಲಿಫೋರ್ನಿಯಾಕ ಇಳದ ಕುಂತ್ತು. ಅಳದೆ, 22 ಸೆಂಟಿಮೀಟರ್. 22ನ್ನ 64ರಿಂದ ಭಾಗಿಸಿ 40,000ದಿಂದ ಗುಣಿಸ್ರಿ, 13,750 ಬರತೈತಿ. ಮೊಬೈಲ್ ಹೇಳಿದ್ದಕ್ಕೂ ನಮ್ಮ ಹೊಲಿಗಿ ದಾರಕ್ಕೂ 50 ಕಿ.ಮೀ. ಫರಕು!

ಆಮ್ಯಾಲ ಗ್ವಾಡಿಗೆ ಹಾಕಿದ ನಕಾಶೆದಾಗ ಸ್ಕೇಲ್ ಇಟ್ಟು ಎರಡೂ ಊರ ನಡುವ ಗೆರಿ ಎಳದೆ. ಅದು ಅರಬ್ಬಿ ಸಮುದ್ರ, ಸಹಾರಾ, ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕ ಹೋತು. ಅದ ಹಾದಿಯೊಳಗ ಗ್ಲೋಬಿನ ಮ್ಯಾಲ ದಾರ ಹಾಸಿದ್ರ 31 ಸೆಂಟಿಮೀಟರ್, ಅಂದ್ರ 19,000 ಕಿ.ಮೀ. ಮ್ಯಾಲ! ನಕಾಶೆದಾಗ ಸೀದಾ ಕಾಣೂದು ಭೂಮಿ ಮ್ಯಾಲ ಡೊಂಕು, ನಕಾಶೆದಾಗ ಬಿಲ್ಲಿನಂಗ ಡೊಂಕ ಕಾಣೂದು ಭೂಮಿ ಮ್ಯಾಲ ಸೀದಾ. ವಿಮಾನದ ಸೀಟಿನ ಮುಂದಿನ ಟೀವಿಯೊಳಗ ಹಾದಿ ನೋಡಿ ಮಂದಿ ‘ಅಲಾ ಇವನೌನ, ಇಷ್ಟ ಸುತ್ತ ಹಾಕಿ ಯಾಕ ಹೊಂಟಾನ’ ಅಂತಾರ ನೋಡ್ರಿ, ಅದಕ್ಕ ಉತ್ತರ ಈ ದಾರ.

ಇನ್ನ 15,700. ಇದು ದುಬೈ ಮ್ಯಾಲಿಂದ ಹೋದ್ರ ಆಗೂ ದೂರ, ಬೆಂಗಳೂರು–ದುಬೈ ಸುಮಾರ 2,700, ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರ 13,000. ಫ್ರಾಂಕ್‌ಫರ್ಟ್ ಮ್ಯಾಲಿಂದ ಹೋದ್ರ 7,400 ಮತ್ತ 9,100 ಸೇರಿ 16,500. ಬೆಂಗಳೂರಿಂದ ಸೀದಾ ಹೋದ್ರ 13,993. ಇಲ್ಲೊಂದ ಮೋಜ ಐತಿ. ವಿಜಯಪುರ ಬೆಂಗಳೂರಿಗಿಂತ ಉತ್ತರಕ್ಕ ಐತಲ್ಲ, ಅಮೆರಿಕಾ ಹಾದಿನೂ ಉತ್ತರದ ಕಡೇನ ಐತಿ, ಹಂಗಾಗಿ ನೀವ ಬೆಂಗಳೂರಿನವ್ರಿಗಿಂತ 300 ಕಿ.ಮೀ. ಹತ್ರ ಅದೀರಿ. ಆದ್ರ ವಿಮಾನ ಹತ್ತಾಕ 500 ಕಿ.ಮೀ.ಗಿಂತ ಜಾಸ್ತಿ ಉಲ್ಟಾ ದಕ್ಷಿಣಕ್ಕ ಹೋಗಬೇಕು. ನಮ್ಮ ಬೆಳಗಾವಿಯವ್ರದೂ ಅದ ಕಥಿ. ಸಾಂಬ್ರಾದ ರನ್‌ವೇ 2,300 ಮೀಟರ್, ಅಮೆರಿಕಾಕ ಹೋಗೂ ವಿಮಾನ ನೂರ ಟನ್ನಿಗಿಂತ ಜಾಸ್ತಿ ಇಂಧನಾನ ಹೊತ್ಕೊಂಡಿರತೈತಿ, ಕಬ್ಬ ಹೇರಿದ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಇದ್ದಂಗ, ಓಡಿ ಏಳಾಕ ಭಾಳ ಜಾಗ ಬೇಕು. ಬೆಂಗಳೂರಾಗ ಅದಕ್ಕ 4,000 ಮೀಟರ್ ಐತಿ.

ವಿಮಾನ ದಾರದ ಹಾದೀಲೇ ಹೋಗತೈತೇನು? ಇಲ್ಲ. ದಾರ ಟಿಬೆಟ್ ಮ್ಯಾಲ ಹಾದಿತ್ತಲ್ಲ, ವಿಮಾನದವ್ರು ಆ ಕಡೆ ಹೋಗೂದು ಕಡಿಮಿ. ಒಳಗಿನ ಗಾಳಿ ಒತ್ತಡ ಹೋತು ಅಂದ್ರ ಪೈಲಟ್ ಕೂಡಲೇ 10,000 ಅಡಿಗೆ ಇಳಿಸಬೇಕು, ಅಂದ್ರ 3 ಕಿ.ಮೀ., ಅಲ್ಲಿ ನೆಲಾನ ನಾಲ್ಕೂವರಿ ಕಿ.ಮೀ. ಎತ್ತರ ಐತಿ, ಇಳಿಯೂದೆಲ್ಲಿ? ಮ್ಯಾಲ ದೇಶದೇಶದ ಜಗಳ. 2022ರಾಗ ಉಕ್ರೇನ್ ಯುದ್ಧ ಶುರುವಾದ ಮ್ಯಾಲ ರಷ್ಯಾ ಯುರೋಪಿನ ಕಂಪನಿಗಳಿಗೆ ತನ್ನ ಆಕಾಶ ಬಂದ್ ಮಾಡ್ತು, ಹೆಲ್ಸಿಂಕಿಯಿಂದ ಟೋಕಿಯೋಕ್ಕ 9 ತಾಸಿನಾಗ ಹೋಗತಿದ್ದ ವಿಮಾನ 13 ತಾಸ ಹಾರೂಹಂಗ ಆತು. ನಮ್ಮ ಕಡೇನೂ 2025ರ ಏಪ್ರಿಲ್‌ದಾಗ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಹಾದಿ ಬಂದ್ ಮಾಡಿದ್ದಕ್ಕ ದೆಹಲಿಯಿಂದ ಅಮೆರಿಕಾಕ ಹೋಗೂವು ನಡುವ ವಿಯೆನ್ನಾದಾಗ ಇಳದು ಇಂಧನ ತುಂಬಿಸ್ಕೊಂಡು ಹೋಗಬೇಕಾತು. ಊರ ಅಲ್ಲೇ ಅದಾವ, ದೂರ ಮಾತ್ರ ಬೆಳೀತು.

ಟೈಮಿಗೆ ಬರೂಣು. ನೆಟ್‌ನಾಗಿನ 15 ತಾಸು ಅಂದ್ರ 13,700ನ್ನ ತಾಸಿಗೆ 900 ಕಿ.ಮೀ.ದಿಂದ ಭಾಗಿಸಿದ್ದು ಅಷ್ಟ, ನಿಮ್ಮ ಐದನೇತ್ತೆ ಹುಡುಗ್ರೂ ಮಾಡೂ ಲೆಕ್ಕ. ಆ ಲೆಕ್ಕದಾಗ ಗಾಳಿ ಇಲ್ಲ. ಮ್ಯಾಲ 10 ಕಿ.ಮೀ. ಎತ್ತರದಾಗ ಪಶ್ಚಿಮದಿಂದ ಪೂರ್ವಕ್ಕ ಗಾಳಿಯ ಹೊಳಿ ಹರೀತಿರತೈತಿ, ಜೆಟ್ ಸ್ಟ್ರೀಮ್ ಅಂತಾರ, ಚಳಿಗಾಲದಾಗ ತಾಸಿಗೆ 200 ಕಿ.ಮೀ. ದಾಟತೈತಿ. ಹೊಳಿ ಕೂಡ ಹೋದ್ರ ಲಗೂ ಮುಟ್ಟತೀರಿ, ಎದುರ ಈಸಿದ್ರ ತಡ. ಇದರ ಛಲೋ ಉದಾಹರಣಿ 2016ರ ಅಕ್ಟೋಬರದ್ದು: ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಏರ್ ಇಂಡಿಯಾ ವಿಮಾನ ಮೊದಲೆಲ್ಲಾ ಅಟ್ಲಾಂಟಿಕ್ ಮ್ಯಾಲ 13,900 ಕಿ.ಮೀ. ಹೋಗತಿತ್ತು, ಅವತ್ತ ಪೆಸಿಫಿಕ್ ಮ್ಯಾಲ 15,300 ಕಿ.ಮೀ. ಹಾದಿ ಹಿಡೀತು, ಅಂದ್ರ 1,400 ಕಿ.ಮೀ. ಜಾಸ್ತಿ, ಆದ್ರ ಗಾಳಿ ಹಿಂದಿಂದ ನೂಕಿದ್ದಕ್ಕ ಹದಿನಾಲ್ಕೂವರಿ ತಾಸಿನಾಗ ಮುಟ್ಟಿತು, ಹಳೇ ಹಾದಿಗಿಂತ ಸುಮಾರ ಎರಡ ತಾಸ ಮೊದಲ. ಇಷ್ಟ ಕಿ.ಮೀ. ಇದ್ರ ಇಷ್ಟ ತಾಸು ಅನ್ನೂ ಲೆಕ್ಕ ಅಲ್ಲೇ ಮುರದ ಬೀಳತೈತಿ. ಬೆಂಗಳೂರಿಂದ ಡೈರೆಕ್ಟ್ ಆದ್ರ 16ರಿಂದ 17 ತಾಸು ಹಿಡೀರಿ. ಏಜೆಂಟ ಹೇಳೂ 24ರೊಳಗ ದುಬೈತನಾ 4, ಅಲ್ಲಿ ಕಾಯೂದು 4, ಮುಂದ 16. ಅಂವಾ ಸುಳ್ಳ ಹೇಳಿಲ್ಲ. ಡೈರೆಕ್ಟ್ ವಿಮಾನ 2021ರ ಜನವರಿಯಾಗ ಶುರುವಾದದ್ದು, ಆದ್ರ ಇಂಥಾವು ಒಮ್ಮೆ ಇರತಾವ ಒಮ್ಮೆ ನಿಲ್ಲತಾವ, ನೀವ ಟಿಕೇಟ ತಗೊಳ್ಳೂ ವಾರ ಐತೋ ಇಲ್ಲೋ ಅಳಿಯಂದಿರಿಗೆ ಹೇಳಿ ನೋಡಿಸ್ಕೋರಿ.

ಮಧ್ಯಾಹ್ನ ಹತ್ತಿ ಸಂಜಿಗೆ ಇಳಿಯೂದು ಹೆಂಗ ಅಂದ್ರ, ಟಿಕೇಟಿನ ಮ್ಯಾಲ ಯಾವಾಗ್ಲೂ ಆಯಾ ಊರಿನ ಗಡಿಯಾರದ ಟೈಮ್ ಇರತೈತಿ. ಜನವರಿಯಾಗ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರಿ ತಾಸ ಹಿಂದ ಐತಿ (ಮಾರ್ಚದಾಗ ಅವ್ರು ಗಡಿಯಾರ ಒಂದ ತಾಸ ಮುಂದ ಮಾಡತಾರ, ಆವಾಗ ಹನ್ನೆರಡೂವರಿ). ಮಧ್ಯಾಹ್ನ 2ಕ್ಕ ಬಿಟ್ಟು 16 ತಾಸ ಹಾರಿದ್ರ ನಮ್ಮಲ್ಲಿ ಮರುದಿನ ಮುಂಜಾನೆ 6, ಅದರಾಗ ಹದಿಮೂರೂವರಿ ಕಳೀರಿ, ಅಲ್ಲಿ ಇನ್ನೂ ನಿನ್ನಿ ಸಂಜಿ ನಾಲ್ಕೂವರಿ. ಬರೂಮುಂದ ಇದ ಲೆಕ್ಕ ಬಡ್ಡಿ ಸಮೇತ ವಸೂಲಿ ಮಾಡತೈತಿ. ಆ ಮೊದಲ ಡೈರೆಕ್ಟ್ ವಿಮಾನಾನ ನೋಡ್ರಿ, ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತ ಎಲ್ಲಾ ಹೆಣ್ಣಮಕ್ಕಳ ತಂಡ ಉತ್ತರ ಧ್ರುವದ ಮ್ಯಾಲಿಂದ ತಂದದ್ದು, ಸ್ಯಾನ್ ಫ್ರಾನ್ಸಿಸ್ಕೋದಿಂದ 9ನೇ ತಾರೀಖ ರಾತ್ರಿ ಎದ್ದು ಬೆಂಗಳೂರಾಗ 11ನೇ ತಾರೀಖ ಬೆಳಗಿನ ಜಾವ ಇಳೀತು, ಹಾರಿದ್ದು ಸುಮಾರ 17 ತಾಸು. 10ನೇ ತಾರೀಖ ಎಲ್ಲಿ ಹೋತು ಅಂತ ಕೇಳಬ್ಯಾಡ್ರಿ.

ಆದ್ರ ಗುರುಗಳ, ನಾ ನಿಮಗ ಹೇಳೂ ತಾಸು ಇವ್ಯಾವೂ ಅಲ್ಲ. ಅಕ್ಕಾರು ಮನಿ ಹೊಸ್ತಲ ದಾಟಿದ್ದರಿಂದ ಮಗಳ ಮನಿ ಹೊಸ್ತಲ ತುಳಿಯೂತನಾ ಎಷ್ಟು, ಅದನ್ನ ಲೆಕ್ಕ ಹಾಕ್ರಿ. ಹಿಂದಿನ ದಿನ ರಾತ್ರಿ 8ಕ್ಕ ವಿಜಯಪುರದಿಂದ ಸ್ಲೀಪರ್ ಬಸ್ಸು, ಮುಂಜಾನೆ ಬೆಂಗಳೂರು, ಮಾರಿ ತೊಳಕೊಂಡು ನಾಷ್ಟಾ ಮಾಡಿ ದೇವನಹಳ್ಳಿ ಕಡೆ ಟ್ರಾಫಿಕ್‌ನಾಗ ಹೋಗಿ 10ಕ್ಕ ಏರ್‌ಪೋರ್ಟ್, 2ಕ್ಕ ವಿಮಾನ. ಅಂದ್ರ ವಿಮಾನ ಏಳೂದ್ರೊಳಗ 18 ತಾಸ ಆತು! ವಿಮಾನದಾಗ 16. 500 ಚಿಲ್ಲರ ಕಿ.ಮೀ. ಹೋಗಿ ವಿಮಾನ ಹತ್ತಾಕ ಹಿಡಿಯೂ ಹೊತ್ತು 14,000 ಕಿ.ಮೀ. ಹಾರೂದಕ್ಕಿಂತ ಜಾಸ್ತಿ, ಇದು ನಮ್ಮ ಕಡೆಯವ್ರ ಹಣೇಬರಹ, ಏನ ಮಾಡೂದು. ಅಲ್ಲಿ ಇಳದಮ್ಯಾಲ ಇಮಿಗ್ರೇಷನ್ ಲೈನು, ಬ್ಯಾಗು, ಅಳಿಯನ ಕಾರು, 2–3 ತಾಸು. ಒಟ್ಟ 37 ತಾಸ ಹಿಡೀರಿ. ಶುಗರ್ ಇದ್ದವ್ರಿಗೆ ಇದ ಬರೋಬ್ಬರಿ ಲೆಕ್ಕ. ಗುಳಿಗಿ, ಇನ್ಸುಲಿನ್ ಇದ್ರ ಅದೂ, ಡಾಕ್ಟರ್ ಚೀಟಿ ಸಮೇತ ಕೈಚೀಲದಾಗ ಇರಲಿ, ದೊಡ್ಡ ಬ್ಯಾಗಿನಾಗ ಹಾಕಿದ್ರ ಅದು ವಿಮಾನದ ಹೊಟ್ಟಿಯೊಳಗ ಹೋಗತೈತಿ, ಅಕ್ಕಾರ ಕೈಗೆ ಸಿಗೂದಿಲ್ಲ. ಯಾವ ಗುಳಿಗಿ ಯಾವಾಗ ಅಂತ, ಹಗಲು ರಾತ್ರಿ ಉಲ್ಟಾ ಆಗೂದ್ರಿಂದ, ನಿಮ್ಮ ಡಾಕ್ಟರಿಗೇ ಕೇಳಿ ಕನ್ನಡದಾಗ ದೊಡ್ಡ ಅಕ್ಷರದಾಗ ಬರದ ಕೊಡ್ರಿ. ನಡುನಡುವ ಎದ್ದು ಓಡ್ಯಾಡಾಕ ಹೇಳ್ರಿ, ತಾಸಗಟ್ಟಲೆ ಕಾಲ ಜೋತ ಬಿಟ್ಟು ಕುಂತ್ರ ಕಾಲಾಗ ರಕ್ತ ಹೆಪ್ಪಗಟ್ಟೂದುಂಟು. ಟಿಕೇಟ ತಗೊಳ್ಳೂಮುಂದನ ವೀಲ್‌ಚೇರ್ ಕೇಳ್ರಿ. ಅಕ್ಕಾರು ‘ನನಗೇನ ಕಾಲಿಲ್ಲೇನು’ ಅಂತ ಸಿಟ್ಟಾಗಬಹುದು, ಆದ್ರ ವೀಲ್‌ಚೇರ್ ತಳ್ಳೂ ಹುಡುಗ ಲೈನ್ ತಪ್ಪಿಸಿ ಗೇಟ್‌ತನಾ ಮುಟ್ಟಸ್ತಾನ, ಇಂಗ್ಲಿಷ್ ಬರದವ್ರಿಗೆ ಅಂವಾ ದೇವರ ಇದ್ದಂಗ.

ಇನ್ನೊಂದು. ದುಬೈ ಕಡೆ ಹೋಗೂವು ಭಾಳಷ್ಟು ನಡುರಾತ್ರಿ ಬಿಡತಾವ. ಟಿಕೇಟಿನ ಮ್ಯಾಲ 15ನೇ ತಾರೀಖು 00.40 ಅಂತ ಇದ್ರ 14ರ ರಾತ್ರಿ 9ಕ್ಕ ನೀವ ಏರ್‌ಪೋರ್ಟಿನಾಗ ಇರಬೇಕು. ನಮ್ಮ ಸೋದರಮಾವ 15ರ ರಾತ್ರಿ, ಹೊಸಾ ಬೂಟ ಹಾಕ್ಕೊಂಡು, ಕೈಯಾಗ ಕುಂದಾ ಡಬ್ಬಿ ಹಿಡಕೊಂಡು, ಬೀಳ್ಕೊಡಾಕ ಎರಡ ಗಾಡಿ ಮಂದಿ ಕರಕೊಂಡು ಹೋಗಿದ್ದ. ವಿಮಾನ ಹೋಗಿ 20 ತಾಸ ಆಗಿತ್ತು. ಕುಂದಾ ಅಲ್ಲೇ ಪಾರ್ಕಿಂಗಿನಾಗ ನಾವ ತಿಂದ್ವಿ, ಹೊಸಾ ಟಿಕೇಟಿನ ರೊಕ್ಕದ ವಿಷಯ ಇವತ್ತಿಗೂ ಅವನ ಮುಂದ ಯಾರೂ ತಗ್ಯಾಂಗಿಲ್ಲ.

ಪ್ರಶ್ನೆ: ಸರ್, ಭೂಮಿ ಪಶ್ಚಿಮದಿಂದ ಪೂರ್ವಕ್ಕ ತಿರಗತೈತಿ ಅಂತೀರಿ. ಹಂಗಾದ್ರ ಹೆಲಿಕಾಪ್ಟರ್‌ನಾಗ ಮ್ಯಾಲ ಹೋಗಿ ಸುಮ್ನ ನಿಂತ್ಕೊಂಡ್ರ ಕೆಳಗ ಭೂಮಿ ತಿರಗಿ ದುಬೈ ತಾನ ಬರಬೇಕಲ್ಲ? ಇಷ್ಟ ಡೀಸೆಲ್ ಯಾಕ ಸುಡೂದು?
– ಓದುಗರು, ಮುಧೋಳ

ಉತ್ತರ: ಡೀಸೆಲ್ ಅಲ್ಲಪಾ ತಮ್ಮಾ, ವಿಮಾನದ್ದು ಸೀಮೆಎಣ್ಣಿ ಜಾತಿಯದ್ದು. ಇರಲಿ, ಪ್ರಶ್ನೆ ಭಾರೀ ಐತಿ, ನಾನೂ ಸಣ್ಣಂವ ಇದ್ದಾಗ ಇದನ್ನ ಕೇಳಿ ಮಾಸ್ತರ ಕಡೆ ಬೈಸ್ಕೊಂಡಿದ್ದೆ.

ಮುಧೋಳದಿಂದ ಜಮಖಂಡಿ ಬಸ್ ಹತ್ತು. ಬಸ್ ಓಡಾಕ ಹತ್ತಿದಾಗ ಕೈಯಾಗಿನ ಲಿಂಬಿಹಣ್ಣ ಮ್ಯಾಲ ಹಾರಸು. ಅದು ಹಿಂದಿನ ಸೀಟಿನವ್ನ ತಲಿ ಮ್ಯಾಲ ಬೀಳತೈತೇನು? ಇಲ್ಲ, ನಿನ್ನ ಕೈಯಾಗ ಬೀಳತೈತಿ, ಯಾಕಂದ್ರ ಲಿಂಬಿಹಣ್ಣಿಗೂ ಬಸ್ಸಿನ ಓಟ ಮೊದಲ ಐತಿ, ಬಸ್ಸಿನೊಳಗಿನ ಗಾಳಿಗೂ ಐತಿ. ಭೂಮಿನೂ ಹಂಗ. ನಿಮ್ಮೂರ ಇರೂ ಜಾಗಾದಾಗ ನೆಲ ತಾಸಿಗೆ ಸುಮಾರ 1,600 ಕಿ.ಮೀ. ವೇಗದಾಗ ಪೂರ್ವಕ್ಕ ಓಡಾಕ ಹತ್ತೈತಿ, ನೀನೂ, ನಿನ್ನ ಹೆಲಿಕಾಪ್ಟರೂ, ಸುತ್ತಲಿನ ಗಾಳಿನೂ ಅಷ್ಟ ವೇಗದಾಗ ಓಡಾಕ ಹತ್ತಾವ. ಮ್ಯಾಲ ಎದ್ದಕೂಡಲೆ ಆ ಓಟ ಎಲ್ಲೂ ಹೋಗೂದಿಲ್ಲ. ಗಾಳಿ ನಿಂತಿತ್ತು ನೆಲ ಅಷ್ಟ ತಿರಗತಿತ್ತು ಅಂದ್ರ ನೀ ಹೇಳಿದ್ದು ಆಕ್ಕಿತ್ತು, ಆದ್ರ ಆವಾಗ ಮುಧೋಳದಾಗ ತಾಸಿಗೆ 1,600 ಕಿ.ಮೀ. ಗಾಳಿ ಬೀಸಿ ಕಬ್ಬೂ ಇರತಿರಲಿಲ್ಲ, ಫ್ಯಾಕ್ಟರಿನೂ ಇರತಿರಲಿಲ್ಲ.

ಆದ್ರೂ ನಿನ್ನ ವಿಚಾರ ಪೂರಾ ಹುಸಿ ಅಲ್ಲ. ಭೂಮಿ ತಿರಗೂದ್ರಿಂದನ ಬಿಸಿ ದೇಶದಿಂದ ಧ್ರುವದ ಕಡೆ ಹೊಂಟ ಗಾಳಿ ಪೂರ್ವಕ್ಕ ಹೊಳ್ಳತೈತಿ, ಮ್ಯಾಲ ಮಾಸ್ತರಿಗೆ ಹೇಳಿದ ಜೆಟ್ ಸ್ಟ್ರೀಮ್ ಹುಟ್ಟೂದೂ ಹಂಗ. ಅಂದ್ರ ಭೂಮಿ ತಿರಗೂದ್ರ ಲಾಭ ವಿಮಾನಕ್ಕ ಸಿಗತೈತಿ, ಗಾಳಿ ಕೈಲಿಂದ ಸಿಗತೈತಿ, ಅದೂ ಪೂರ್ವಕ್ಕ ಹೋಗೂವ್ರಿಗೆ. ದುಬೈ ಪಶ್ಚಿಮಕ್ಕ ಐತಿ ತಮ್ಮಾ.

ಪ್ರಶ್ನೆ: ನಾನು ಮಾಸ್ಟರ್ಸ್ ಮಾಡೋಕೆ ಲಂಡನ್‌ಗೆ ಹೋಗ್ತಾ ಇದೀನಿ. ಬೆಂಗಳೂರಿಂದ ಹೋಗುವಾಗಿನ ಟೈಮ್ ಜಾಸ್ತಿ, ವಾಪಸ್ ಬರುವಾಗಿಂದು ಕಮ್ಮಿ ತೋರಿಸುತ್ತೆ, ಇದೂ ಗಾಳಿನಾ? ಹಾಗೇ ಜಗತ್ತಲ್ಲಿ ಎಲ್ಲಕ್ಕಿಂತ ಉದ್ದದ ಫ್ಲೈಟ್ ಯಾವುದು?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಹೌದವಾ, ಅದ ಗಾಳಿ. ಬೆಂಗಳೂರು–ಲಂಡನ್ 8,000 ಕಿ.ಮೀ. ಚಿಲ್ಲರ, ಹೋಗೂಮುಂದ ಗಾಳಿ ಎದುರ, ಬರೂಮುಂದ ಬೆನ್ನಿಗೆ, ಹಂಗಾಗಿ ತಾಸರ್ಧ ತಾಸ ಫರಕ ಬೀಳತೈತಿ. ಇದು ಎಷ್ಟ ಜೋರ ಇರಬಹುದು ಅಂದ್ರ, 2020ರ ಫೆಬ್ರುವರಿಯಾಗ ಅಟ್ಲಾಂಟಿಕ್ ಮ್ಯಾಲ ಕಿಯಾರಾ ಅನ್ನೂ ಬಿರುಗಾಳಿ ಎದ್ದಾಗ ಬ್ರಿಟಿಷ್ ಏರ್‌ವೇಸ್ ವಿಮಾನ ಒಂದು ನ್ಯೂಯಾರ್ಕಿಂದ ಲಂಡನ್ನಿಗೆ 4 ತಾಸ 56 ನಿಮಿಷದಾಗ ಬಂತು, ಸಾಮಾನ್ಯ ದಿನ ಏಳ ತಾಸಿನ ಹತ್ರ ಆಕ್ಕೈತಿ. ಮನಿ ಮಂದಿ ಏರ್‌ಪೋರ್ಟಿಗೆ ಕರಿಯಾಕ ಬರೂದ್ರೊಳಗ ಇಳದಿರತಾರ ಅವ್ರು.

ಉದ್ದಂದು ಸಿಂಗಾಪುರ–ನ್ಯೂಯಾರ್ಕ್, 15,349 ಕಿ.ಮೀ., ಹದಿನೆಂಟೂವರಿ ತಾಸಿನ ಮ್ಯಾಲ. ಅದಕ್ಕಂತನ ಜಾಸ್ತಿ ಇಂಧನ ಹಿಡಿಯೂ ಏರ್‌ಬಸ್ ಎ350 ಇಟ್ಟಾರ, ಅದರಾಗ ಸಾದಾ ಎಕಾನಮಿ ಸೀಟ ಇಲ್ಲ, ಮಂದಿ ಕಡಿಮಿ ತೂಕ ಕಡಿಮಿ. ಆಸ್ಟ್ರೇಲಿಯಾದ ಪರ್ತ್‌ದಿಂದ ನೀ ಹೊಂಟಿರೂ ಲಂಡನ್ನಿಗೂ 2018ರಿಂದ ಸೀದಾ ಐತಿ, 14,500 ಕಿ.ಮೀ., 17 ತಾಸಿನ ಮ್ಯಾಲ. ಅವ್ರನ್ನ ನೆನಸ್ಕೊಂಡು ನಿನ್ನ ಹತ್ತ ತಾಸ ಕಳದಬಿಡು. ಎದುರ ಗಾಳಿಯೊಳಗ ಹೋಗೂದಲ್ಲ, ನಿದ್ದಿ ಮಾಡಾಕ ಇನ್ನೊಂದ ತಾಸ ಸಿಕ್ಕಂಗ ಆತು.

ಪ್ರಶ್ನೆ: ಟೋಕಿಯೋದಿಂದ ಸಂಜಿ 5ಕ್ಕ ಹೊಂಟ ನಮ್ಮ ಅಣ್ಣ ಸ್ಯಾನ್ ಫ್ರಾನ್ಸಿಸ್ಕೋದಾಗ ಅವತ್ತ ಮುಂಜಾನೆ ಹತ್ತೂವರಿಗೆ ಇಳದ್ನಂತ. ಹತ್ತೂದಕ್ಕಿಂತ ಮೊದಲ ಇಳೀಬಹುದೇನ್ರಿ?
– ಓದುಗರು, ಬಾಗಲಕೋಟೆ

ಉತ್ತರ: ಗಡಿಯಾರದಾಗ ಇಳೀಬಹುದು. ಪೆಸಿಫಿಕ್ ಸಮುದ್ರದ ನಡುವ ತಾರೀಖ ಬದಲಿ ಮಾಡೂ ಗೆರಿ ಐತಿ, ಅದನ್ನ ಪೂರ್ವಕ್ಕ ದಾಟಿದ್ರ ಒಂದ ದಿನ ಹಿಂದ ಹೋಗತೀರಿ. ಒಂಬತ್ತೂವರಿ ತಾಸ ಹಾರ್ಯಾನ, ಬ್ಯಾಸಗಿಯಾಗ ಎರಡೂ ಊರಿಗೆ 16 ತಾಸ ಫರಕು, ಆರೂವರಿ ತಾಸ ಉಳತಾಯ ಆದಂಗ ಕಾಣತೈತಿ. ವಾಪಸ್ ಹೋಗೂಮುಂದ ಒಂದ ದಿನ ಪೂರಾ ಕಟ್ಟಬೇಕಾಕ್ಕೈತಿ. ಹಿಂಗ ಮುಂಜಾನೆ ಎರಡ ಸಲ ಬಂದ ದಿನ ಏಕಾದಶಿ ಗೀಕಾದಶಿ ಇದ್ರ ಎರಡ ಸಲ ಉಪಾಸ ಹಿಡಿಯೂದೇನು ಅಂತ ನಮ್ಮ ಅವ್ವ ಕೇಳಾಕ ಹತ್ಯಾಳ, ಅದಕ್ಕ ನನ್ನ ಕಡೆ ಉತ್ತರ ಇಲ್ಲ.

ಪ್ರಶ್ನೆ: ಬೆಳಗಾವಿ–ಬೆಂಗಳೂರು ಆಕಾಶದಾಗ 450 ಕಿ.ಮೀ.ನೂ ಇಲ್ಲ. ತಾಸಿಗೆ 900 ಅಂದ್ರ ಅರ್ಧ ತಾಸು. ಟಿಕೇಟಿನ ಮ್ಯಾಲ ಒಂದ ತಾಸಿನ ಮ್ಯಾಲ ಯಾಕ ಹಾಕತಾರ?
– ಓದುಗರು, ಗೋಕಾಕ

ಉತ್ತರ: ಟಿಕೇಟಿನ ಟೈಮು ಗಾಲಿ ಹೊಳ್ಳಿದಾಗಿಂದ ಗಾಲಿ ನಿಲ್ಲೂತನಾ ಲೆಕ್ಕ. ಸಾಂಬ್ರಾದಾಗ ನಿಂತ ಜಾಗಾದಿಂದ ರನ್‌ವೇ ತುದಿಗೆ ಹೋಗೂದು, ಬೆಂಗಳೂರಾಗ ಇಳದು ನಿಲ್ಲೂ ಜಾಗಾಕ ತೆವಳೂದು, ಮ್ಯಾಲ ಹೋದ್ರೂ ಜಾಗಾ ಖಾಲಿ ಇಲ್ಲಂದ್ರ ಒಂದೆರಡ ಸುತ್ತ ಹಾಕೂದು, ಎಲ್ಲಾ ಅದರಾಗ ಬಂತು. 900ರ ವೇಗ 10 ಕಿ.ಮೀ. ಎತ್ತರದಾಗ ಅಷ್ಟ, ಇಷ್ಟ ಸಣ್ಣ ಹಾದಿಯಾಗ ಏರೂದು ಮುಗೀತು ಅನ್ನೂದ್ರೊಳಗ ಇಳಿಯೂದು ಶುರು. ಪಂಕಾ ಇರೂ ಸಣ್ಣ ಎಟಿಆರ್ ವಿಮಾನ ಇದ್ರಂತೂ ಅದರ ವೇಗಾನ 500ರ ಆಸುಪಾಸು. ಮ್ಯಾಲ ಕಂಪನಿಯವ್ರು ಹತ್ತಿಪ್ಪತ್ತ ನಿಮಿಷ ಕೈಯಾಗ ಇಟ್ಟುಕೊಂಡ ಟೈಮ್ ಹಾಕಿರತಾರ, ತಡಾ ಆದ್ರೂ ‘ಟೈಮಿಗೆ ಮುಟ್ಟಿಸಿದ್ವಿ’ ಅಂತ ಮೈಕಿನಾಗ ಹೇಳಾಕ ಬರಬೇಕಲ್ಲ. ನಮ್ಮ ಮದವಿ ಪತ್ರಿಕಾದಾಗ ಅಕ್ಷತಾ 12ಕ್ಕ ಅಂತ ಬರದು ಭಟ್ಟರಿಗೆ ಹನ್ನೆರಡೂ ಮುಕ್ಕಾಲು ಅಂತ ಹೇಳಿರತೀವಿ ನೋಡ್ರಿ, ಹಂಗ.